ಎರಡು ಲಿಪಿ, ಒಂದು ಕಿವಿ: ಪಂಜಾಬಿ ಕಿರುಚಿತ್ರಗಳನ್ನು ನೋಡುವ ಮುನ್ನ

ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಪಂಜಾಬಿಗಳು ಅಪರಿಚಿತರೇನಲ್ಲ. ಮಾಟುಂಗ, ಸಾಯನ್ ಪರಿಸರದಲ್ಲಿ ಬೆಳೆದವರಿಗಂತೂ ಗುರು ತೇಗ್ ಬಹಾದುರ್ ನಗರ, ಅಂದರೆ ಹಳಬರ ಬಾಯಲ್ಲಿ ಇಂದಿಗೂ ಕೋಳಿವಾಡ, ಪಕ್ಕದ ಬಡಾವಣೆಯೇ ಸರಿ. 1947ರ ದೇಶ ವಿಭಜನೆಯ ನಂತರ ನಿರಾಶ್ರಿತರಾಗಿ ಬಂದ ಅನೇಕ ಪಂಜಾಬಿ ಕುಟುಂಬಗಳಿಗೆ ಅಲ್ಲಿ ನೆಲೆ ದೊರೆಯಿತು. ನಮ್ಮವರ ಹೋಟೆಲುಗಳ ಮೆನು ಕಾರ್ಡಿನಲ್ಲಿ ಕಾಣುವ 'ಪ್ರಾನ್ಸ್ ಕೋಳಿವಾಡ'ಕ್ಕೆ ಆ ಬಡಾವಣೆಯ ಅಡುಗೆಮನೆಗಳೇ ಮೂಲವೆಂದು ಹೇಳುವವರಿದ್ದಾರೆ. ದಿಲ್ಲಿಯ ಕನ್ನಡಿಗರಿಗೆ ಲಾಜಪತ ನಗರ, ಪಟೇಲ್ ನಗರಗಳ ಪಂಜಾಬಿ ನೆರೆಹೊರೆ ಇನ್ನೂ ಹತ್ತಿರದ್ದು. ಆದರೂ ಅವರ ರೊಟ್ಟಿ, ಲಸ್ಸಿಗಳನ್ನು ಬಲ್ಲಷ್ಟು ಅವರ ಕಥೆಗಳನ್ನು ನಾವು ಬಲ್ಲೆವೆಂದು ಹೇಳುವಂತಿಲ್ಲ.

ಇದಕ್ಕೆ ನಮ್ಮ ಅನಾಸಕ್ತಿಯೊಂದೇ ಕಾರಣವಲ್ಲ. ಪಂಜಾಬಿ ಚಲನಚಿತ್ರವೆಂದ ಕೂಡಲೇ ಕಣ್ಣಮುಂದೆ ಬರುವುದು ಹಳದಿ ಸಾಸಿವೆ ಹೊಲ, ಡೋಲಿನ ಸದ್ದು, ಮದುವೆ ಮನೆಯ ಹಾಸ್ಯ. 1980ರ ದಶಕದ ಹಿಂಸೆಯ ವರ್ಷಗಳಲ್ಲಿ ಆ ಚಿತ್ರೋದ್ಯಮ ನೆಲ ಕಚ್ಚಿತ್ತು. 1988ರ ಡಿಸೆಂಬರ್‌ನಲ್ಲಿ ಜನಪ್ರಿಯ ನಟ ವರಿಂದರ್ ಅವರನ್ನು ಚಿತ್ರೀಕರಣದ ಅವಧಿಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. 2002ರಲ್ಲಿ ತೆರೆಕಂಡ 'ಜೀ ಆಯಾ ನೂ' ಚಿತ್ರದೊಂದಿಗೆ ಉದ್ಯಮ ಮತ್ತೆ ಚೇತರಿಸಿಕೊಂಡಿತು. ಚೇತರಿಸಿಕೊಂಡ ಉದ್ಯಮ ಹೊರದೇಶಗಳ ಪ್ರೇಕ್ಷಕರನ್ನೂ ಕಣ್ಣಲ್ಲಿಟ್ಟುಕೊಂಡು ನಗು, ಹಾಡು, ಊರ ಹಂಬಲಗಳ ದಾರಿಯನ್ನೇ ಹಿಡಿದದ್ದು ಸಹಜವೇ. ನೋವು ಉಂಡವರು ನಗಲು ಬಯಸಿದರೆ ಅದನ್ನು ತಪ್ಪೆನ್ನಲಾಗದು. ಆದರೆ ಆ ದಾರಿಯಲ್ಲಿ ಹೇಳದೆ ಉಳಿದ ಮಾತುಗಳು ಬಹಳ. ಅವುಗಳಲ್ಲಿ ಕೆಲವನ್ನಾದರೂ ಹೇಳುವ ಹೊಣೆಯನ್ನು ಹೊತ್ತವು ಕಿರುಚಿತ್ರಗಳು, ಸಾಕ್ಷ್ಯಚಿತ್ರಗಳು ಮತ್ತು ಸಣ್ಣಕಥೆಗಳನ್ನು ಆಧರಿಸಿದ ಕೆಲವು ಪೂರ್ಣಪ್ರಮಾಣದ ಚಿತ್ರಗಳು. ಪಂಜಾಬಿ ಕಿರುಚಿತ್ರಗಳ ಪ್ರದರ್ಶನವೊಂದಕ್ಕೆ ಹೋಗುವ ಅವಕಾಶ ಒದಗಿದಾಗ ಕನ್ನಡ ಪ್ರೇಕ್ಷಕರಿಗೆ ನೆರವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಕಿರುಚಿತ್ರವೆಂದರೆ ಎಷ್ಟು ಕಿರಿದು? ಇದಕ್ಕೆ ಒಂದೇ ಅಳತೆಯಿಲ್ಲ. ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷದ ಮಿತಿ, ವೆನಿಸ್ ಉತ್ಸವಕ್ಕೆ 20 ನಿಮಿಷ, ಆಸ್ಕರ್ ಪ್ರಶಸ್ತಿಗೆ 40 ನಿಮಿಷ. ಚಿತ್ರಮಂದಿರದವರಿಗೆ ಮಾತ್ರ ಈ ಮೂರೂ ಒಂದೇ: ಟಿಕೆಟು ಮಾರಲಾಗದ ಸರಕು. ಕನ್ನಡಿಗರಿಗೆ ಇದರ ನೆನಪು ಬೇರೆ ರೀತಿಯಲ್ಲಿದೆ. 1976ರಲ್ಲಿ ಪುಟ್ಟಣ್ಣ ಕಣಗಾಲ್ ಅವರು 'ಕಥಾ ಸಂಗಮ'ದಲ್ಲಿ ಮೂರು ಸಣ್ಣಕಥೆಗಳನ್ನು ಒಂದೇ ಟಿಕೆಟಿಗೆ ತೋರಿಸಿದರು. 1987ರಲ್ಲಿ ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಬಿಡಿ ಕಂತುಗಳನ್ನು, ಭಾಷೆ ಹಿಂದಿಯಾಗಿದ್ದರೂ, ನಮ್ಮ ಮನೆಮಂದಿಯೆಲ್ಲ ಕೂತು ನೋಡಿದ್ದರು. ಅವು ಕಿರುಚಿತ್ರಗಳೆಂದು ಆಗ ಯಾರೂ ಕರೆಯಲಿಲ್ಲ, ಅಷ್ಟೇ. ಮೈಸೂರಿನ ಚಿದಾನಂದ ನಾಯ್ಕ್ ಅವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿದ್ದಾಗ, ಕೋಳಿಯನ್ನು ಕದ್ದೊಯ್ಯುವ ಅಜ್ಜಿಯ ಜನಪದ ಕಥೆಯನ್ನು ಆಧರಿಸಿ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂದಾಗ ಈ ಪದ ನಮ್ಮ ಮನೆಗಳಲ್ಲೂ ಬಳಕೆಗೆ ಬಂತು.

ಪಂಜಾಬಿಯಲ್ಲಿ ಕಿರುಚಿತ್ರಕ್ಕೆ ಹೆತ್ತ ತಾಯಿ ಸಣ್ಣಕಥೆ. ಆ ಭಾಷೆಯ ಕಥಾ ಪರಂಪರೆ ಬಹು ಗಟ್ಟಿಯಾದದ್ದು. ವಿಭಜನೆಯ ಬಳಿಕ ಅಪಹೃತ ಮಹಿಳೆಯರನ್ನು ಹುಡುಕಿ ತರುವ ಸರಕಾರಿ ಕಾರ್ಯದಲ್ಲಿ ಸ್ವತಃ ತೊಡಗಿದ್ದ ಕುಲವಂತ್ ಸಿಂಗ್ ವಿರ್ಕ್ ಅವರು ಆ ಅನುಭವದಿಂದ ಬರೆದ ಕಥೆಗಳು ಇಂದಿಗೂ ಓದುಗರನ್ನು ಕಲಕುತ್ತವೆ. ಬಡ ಬಡಗಿಯ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ತಾವೂ ಉಳಿ ಬಾಚಿ ಹಿಡಿದು ದುಡಿದು, ಮುಂದೆ ಅಧ್ಯಾಪಕರಾದ ಗುರ್ದಯಾಲ್ ಸಿಂಗ್ ಅವರು ಮಾಲ್ವಾ ಸೀಮೆಯ ಭೂಹೀನರ ಬದುಕನ್ನು ಕಾದಂಬರಿಗಳಿಗೆ ತಂದರು. 1998ರ ಜ್ಞಾನಪೀಠ ಪ್ರಶಸ್ತಿ ನಮ್ಮ ಗಿರೀಶ ಕಾರ್ನಾಡರಿಗೆ ಸಂದ ಮರುವರ್ಷ, ಅಂದರೆ 1999ರ ಪ್ರಶಸ್ತಿಯನ್ನು ಹಿಂದಿಯ ನಿರ್ಮಲ್ ವರ್ಮಾ ಅವರೊಂದಿಗೆ ಹಂಚಿಕೊಂಡವರು ಇವರೇ. ಬರ್ನಾಲಾ ಸೀಮೆಯ ರಾಮ್ ಸರೂಪ್ ಅಣಖೀ ಅವರದು ಹಳ್ಳಿಯ ಒಳಮಾತುಗಳನ್ನು ಬಲ್ಲ ಲೇಖನಿ. ಅವರ 'ಸುತ್ತಾ ನಾಗ್' ಎಂಬ ಕಥೆಯನ್ನು ಅಮರದೀಪ್ ಸಿಂಗ್ ಗಿಲ್ ಅವರು ಕಿರುಚಿತ್ರವಾಗಿಸಿದರು. ಗಿಲ್ ಅವರು ಗೀತರಚನೆಯಿಂದ ಚಿತ್ರರಂಗಕ್ಕೆ ಬಂದವರು. ಹಾಡು ಬರೆಯಬಲ್ಲವರೇ ಹಾಡಿಲ್ಲದ ಚಿತ್ರಕ್ಕೆ ಕೈಹಾಕಿದ್ದು ಗಮನಿಸತಕ್ಕದ್ದು.

ಸಣ್ಣಕಥೆ ತೆರೆಗೆ ಬಂದಾಗ ಏನು ಸಾಧ್ಯ ಎಂಬುದನ್ನು ತಿಳಿಯಲು ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ವರ್ಯಾಮ್ ಸಿಂಗ್ ಸಂಧು ಅವರ ಎರಡು ಕಥೆಗಳನ್ನು ಹೆಣೆದು ಗುರ್ವಿಂದರ್ ಸಿಂಗ್ ಅವರು 2015ರಲ್ಲಿ ನಿರ್ದೇಶಿಸಿದ 'ಚೌಥಿ ಕೂಟ್' ಎಂಬ ಚಿತ್ರ ಪೂರ್ಣಪ್ರಮಾಣದ್ದೇ ಆದರೂ ಅದರ ಒಡಲಲ್ಲಿರುವುದು ಎರಡು ಕಿರುಚಿತ್ರಗಳು. 'ನಾಲ್ಕನೆಯ ದಿಕ್ಕು' ಎಂಬುದು ಹೆಸರಿನ ಅರ್ಥ. ಕಾಲ 1984ರ ಆಸುಪಾಸು. ಅಮೃತಸರಕ್ಕೆ ಹೋಗಬೇಕಾದ ಇಬ್ಬರು ಹಿಂದೂ ಸ್ನೇಹಿತರಿಗೆ ರೈಲು ತಪ್ಪಿದೆ. ಮುಂದಿನ ರೈಲು ಖಾಲಿಯಾಗಿ ಸಾಗುವಂಥದು, ಅದಕ್ಕೆ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಅಂಗಲಾಚಿ ಗಾರ್ಡಿನ ಡಬ್ಬಿಗೆ ಹತ್ತಿದರೆ ಅಲ್ಲಿ ಆಗಲೇ ಬೇರೆ ಕೆಲವರು ಕೂತಿದ್ದಾರೆ. ಯಾರು, ಎತ್ತ ಎಂದು ಯಾರೂ ಕೇಳುವುದಿಲ್ಲ. ಒಬ್ಬರ ಮುಖವನ್ನೊಬ್ಬರು ಅಳೆಯುತ್ತಾ ಕೂರುತ್ತಾರೆ. ನಮ್ಮ ಲೋಕಲ್ ರೈಲುಗಳಲ್ಲಿ ಎದುರಿನವರ ಮುಖವನ್ನು ನೋಡದೆಯೇ ವರ್ಷಗಟ್ಟಲೆ ಓಡಾಡುವ ನಮಗೆ, ನೋಟವೇ ಭಯವಾಗುವ ಈ ಸ್ಥಿತಿ ಮೊದಲಿಗೆ ವಿಚಿತ್ರವೆನಿಸೀತು.

ಎರಡನೆಯ ಕಥೆ ಒಂದು ಹೊಲದ ಮನೆಯದು. ಜೋಗಿಂದರ್ ಎಂಬ ರೈತನ ಮನೆಯಲ್ಲಿ ಟಾಮಿ ಎಂಬ ನಾಯಿಯಿದೆ. ರಾತ್ರಿ ಹೊತ್ತಿನಲ್ಲಿ ಹೊಲಗಳ ನಡುವೆ ಸಂಚರಿಸುವ ಉಗ್ರರಿಗೆ ಅದರ ಬೊಗಳುವಿಕೆ ಅಪಾಯಕಾರಿ. ಸುಳಿವು ಸಿಕ್ಕೀತೆಂದು ಅವರು ನಾಯಿಯನ್ನು ಕೊಲ್ಲುವಂತೆ ಆಜ್ಞೆ ಮಾಡುತ್ತಾರೆ. ಹಗಲು ಹೊತ್ತಿನಲ್ಲಿ ಭದ್ರತಾ ಪಡೆಯವರು ಬಂದು ಮನೆಯನ್ನು ಜಾಲಾಡುತ್ತಾರೆ. ನಾಯಿಗೆ ಇವರ ರಾಜಕೀಯ ಗೊತ್ತಿಲ್ಲ. ಅಪರಿಚಿತರು ಬಂದರೆ ಬೊಗಳುವುದು ಅದರ ಧರ್ಮ. ಮನೆ ಕಾಯಲೆಂದು ಸಾಕಿದ ಪ್ರಾಣಿಯೇ, ತನ್ನ ಕೆಲಸವನ್ನು ನೆಟ್ಟಗೆ ಮಾಡಿದ್ದಕ್ಕಾಗಿ, ಮನೆಗೆ ಕಂಟಕವಾಗುವ ಈ ಸಂಕಟವನ್ನು ಭಾಷಣವಿಲ್ಲದೆ, ಸುದ್ದಿಪತ್ರಿಕೆಯ ಅಂಕಿಅಂಶವಿಲ್ಲದೆ, ಒಂದು ಅಂಗಳ ಮತ್ತು ಒಂದು ಕುಟುಂಬದಲ್ಲಿ ತೋರಿಸಲಾಗಿದೆ. ಆ ವರ್ಷಗಳಲ್ಲಿ ಪಂಜಾಬಿನ ಸಾಮಾನ್ಯ ರೈತ ಇಬ್ಬರ ನಡುವೆ ಹೇಗೆ ಸಿಲುಕಿದ್ದನೆಂಬುದನ್ನು ವಿವರಿಸಲು ಹತ್ತು ಪುಸ್ತಕಗಳು ಬೇಕಾದೀತು. ಇಲ್ಲಿ ಒಂದು ನಾಯಿ ಸಾಕಾಗಿದೆ. ಜೋಗಿಂದರ್ ಪಾತ್ರವನ್ನು ನಿರ್ವಹಿಸಿದವರು ಸುವಿಂದರ್ ವಿಕ್ಕಿ. 2023ರ 'ಕೊಹ್ರಾ' ಧಾರಾವಾಹಿಯನ್ನು ನೆಟ್‌ಫ್ಲಿಕ್ಸಿನಲ್ಲಿ ನೋಡಿದ ನಮ್ಮ ಮನೆಯ ಯುವಕರಿಗೆ ಆ ಮುಖದ ಗುರುತು ಸಿಕ್ಕೀತು.

ಇದೇ ನಿರ್ದೇಶಕರ ಮೊದಲ ಕಥಾಚಿತ್ರ 'ಅನ್ಹೇ ಘೋಡೇ ದಾ ದಾನ್' (2011) ಗುರ್ದಯಾಲ್ ಸಿಂಗ್ ಅವರ ಕಾದಂಬರಿಯಿಂದ ಬಂದದ್ದು. ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಪಡೆದ ಈ ಚಿತ್ರದಲ್ಲಿ ಹಳ್ಳಿಯ ನಿಜವಾದ ಮುಖಗಳೇ ನಟರು. ಬಠಿಂಡಾ ಬಳಿಯ ಹಳ್ಳಿಯೊಂದರಲ್ಲಿ ಜಮೀನುದಾರ ತನ್ನ ಭೂಮಿಯನ್ನು ಕಾರ್ಖಾನೆಗೆ ಮಾರಿದ ಕಾರಣ ಅಲ್ಲಿದ್ದ ದಲಿತನೊಬ್ಬನ ಮನೆ ನೆಲಸಮವಾಗುತ್ತದೆ. ಪೇಟೆಯಲ್ಲಿ ಅದೇ ಹಳ್ಳಿಯ ಮಗನೊಬ್ಬ ಸೈಕಲ್ ರಿಕ್ಷಾ ತುಳಿಯುತ್ತಾನೆ. 2011ರ ಜನಗಣತಿಯ ಪ್ರಕಾರ ಪಂಜಾಬಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 31.9, ದೇಶದ ಯಾವ ರಾಜ್ಯದಲ್ಲೂ ಇಷ್ಟು ಪ್ರಮಾಣವಿಲ್ಲ. ಆದರೆ ಉಳುವ ಭೂಮಿಯಲ್ಲಿ ಅವರಿಗಿರುವ ಪಾಲು ತೀರ ಅಲ್ಪ. ಹಸಿರು ಕ್ರಾಂತಿಯ ನಾಡೆಂದು ನಾವು ಪಾಠ ಪುಸ್ತಕದಲ್ಲಿ ಓದಿದ ಪಂಜಾಬಿಗೆ ಈ ಮಗ್ಗುಲೂ ಇದೆ. ರಣದೀಪ್ ಮದ್ದೋಕೆ ಅವರ 'ಲ್ಯಾಂಡ್‌ಲೆಸ್' (2018) ಎಂಬ ಸಾಕ್ಷ್ಯಚಿತ್ರದ ವಸ್ತುವೂ ಇದೇ. ಹಾಡಿನ ಚಿತ್ರಗಳಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತ ನಾಯಕನನ್ನು ಕಂಡವರು, ಆ ಹೊಲದಲ್ಲಿ ನಾಟಿ ಮಾಡುವವರು ಯಾರೆಂಬ ಪ್ರಶ್ನೆಯನ್ನು ಇಂಥ ಚಿತ್ರಗಳಲ್ಲಿ ಎದುರಿಸಬೇಕಾಗುತ್ತದೆ.

'ಕುರುಡು ಕುದುರೆಗೆ ದಾನ' ಎಂಬ ಆ ಹೆಸರು ಗ್ರಹಣ ಕಾಲದಲ್ಲಿ ದಾನ ಬೇಡುವ ಪದ್ಧತಿಗೆ ಸಂಬಂಧಿಸಿದ್ದು. ಗ್ರಹಣ ಹಿಡಿದಾಗ ಮುಂಬಯಿಯ ಹಳೆಯ ಚಾಳುಗಳಲ್ಲಿ 'ದೇ ದಾನ್ ಸುಟೇ ಗಿರಾಣ್' ಎಂಬ ಕೂಗನ್ನು ಕೇಳಿ ಬೆಳೆದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಬೇರೊಂದಿದೆ. ಈ ಹೆಸರಿನಲ್ಲಿ 'ಘೋಡೇ' ಎಂದು ಬರೆದಿದ್ದರೂ ಪಂಜಾಬಿಗಳ ಬಾಯಲ್ಲಿ ಅದು 'ಕೋಡೇ' ಎಂಬಂತೆ ಕೇಳಿಸುತ್ತದೆ. ಪಂಜಾಬಿಯು ಸ್ವರದ ಏರಿಳಿತದಿಂದಲೇ ಅರ್ಥವನ್ನು ಬದಲಿಸಬಲ್ಲ ಭಾಷೆ. ನಮ್ಮ ದೇಶದ ದೊಡ್ಡ ಭಾಷೆಗಳಲ್ಲಿ ಈ ಗುಣ ಅಪರೂಪ. ಘ, ಝ, ಢ, ಧ, ಭ ಎಂಬ ಘೋಷ ಮಹಾಪ್ರಾಣಗಳು ಅಲ್ಲಿ ಉಚ್ಚಾರದಲ್ಲಿ ಸವೆದುಹೋಗಿ, ಅವುಗಳ ಜಾಗದಲ್ಲಿ ದನಿಯ ಇಳಿತವೊಂದು ಉಳಿದುಕೊಂಡಿದೆ. 'ಕೋಡಾ' ಎಂದು ಸಮದನಿಯಲ್ಲಿ ಹೇಳಿದರೆ ಚಾಟಿ. ದನಿಯನ್ನು ತಗ್ಗಿಸಿ ಹೇಳಿದರೆ ಕುದುರೆ. ಏರಿಸಿ ಹೇಳಿದರೆ ಕುಷ್ಠರೋಗಿ. ಹಿಂದಿ ಬಲ್ಲ ನಮ್ಮವರು ಉಪಶೀರ್ಷಿಕೆಯನ್ನು ಬಿಟ್ಟು ನೇರವಾಗಿ ಕೇಳಲು ಹೊರಟರೆ ಮೊದಲ ಹತ್ತು ನಿಮಿಷ ಎಡವುವುದು ಇಲ್ಲಿಯೇ. 'ಕರ್' ಎಂದು ಕೇಳಿದರೆ ಅದು 'ಘರ್', ಮನೆ. 'ಪರಾ' ಎಂದರೆ 'ಭರಾ', ಅಣ್ಣ ಅಥವಾ ತಮ್ಮ. 'ತೀ' ಎಂದರೆ 'ಧೀ', ಮಗಳು. ಇಷ್ಟನ್ನು ನೆನಪಿಟ್ಟುಕೊಂಡರೆ ಅರ್ಧ ದಾರಿ ಸಾಗಿದಂತೆ. ಭೂಮಿಯನ್ನು ಬೂಮಿ ಎನ್ನುವ ನಮ್ಮ ಹಳ್ಳಿಗಳಲ್ಲೂ ಮಹಾಪ್ರಾಣ ಸವೆದಿದೆಯಲ್ಲ. ನಮ್ಮಲ್ಲಿ ದನಿ ಬದಲಾಗಲಿಲ್ಲ, ಅವರಲ್ಲಿ ಬದಲಾಯಿತು.

ಇನ್ನು ಸೀಮೆಯ ಮಾತು. ಧಾರವಾಡದ, ಮೈಸೂರಿನ, ಮಂಗಳೂರಿನ ಕನ್ನಡಗಳಿರುವಂತೆ ಪಂಜಾಬಿಗೂ ಮಾಝಾ, ಮಾಲ್ವಾ, ದುವಾಬಾ ಸೀಮೆಗಳ ನುಡಿಗಳಿವೆ. ಸತಲಜ್ ನದಿಯ ದಕ್ಷಿಣದ ಮಾಲ್ವಾ ನುಡಿ ಗುರ್ದಯಾಲ್ ಸಿಂಗ್, ಅಣಖೀ ಅವರ ಕಥೆಗಳದು. ಅಮೃತಸರ ಮತ್ತು ಲಾಹೋರುಗಳೆರಡಕ್ಕೂ ಸೇರಿದ ಮಾಝಿ ನುಡಿಯ ನಡುವೆಯೇ 1947ರ ಗಡಿರೇಖೆ ಹಾದುಹೋಯಿತು. ಒಂದು ಕೋಟಿಗೂ ಹೆಚ್ಚು ಜನ ನೆಲೆ ತಪ್ಪಿದ ಆ ವಿಭಜನೆ ಭಾಷೆಯ ಕಣ್ಣನ್ನೂ ಎರಡಾಗಿ ಸೀಳಿತು. ಭಾರತದ ಪಂಜಾಬಿನಲ್ಲಿ ಈ ಭಾಷೆಯನ್ನು ಬರೆಯುವುದು ಗುರುಮುಖಿ ಲಿಪಿಯಲ್ಲಿ. ಪಾಕಿಸ್ತಾನದಲ್ಲಿ ಅದೇ ಭಾಷೆಯನ್ನು ಉರ್ದುವಿನಂತೆ ಬಲದಿಂದ ಎಡಕ್ಕೆ, ಶಾಹಮುಖಿ ಲಿಪಿಯಲ್ಲಿ ಬರೆಯುತ್ತಾರೆ. ಅದೂ ಬರೆಯುವವರು ಕೆಲವರೇ, ಏಕೆಂದರೆ ಅಲ್ಲಿ ಶಾಲೆಯ ಮಾಧ್ಯಮ ಮುಖ್ಯವಾಗಿ ಉರ್ದು ಮತ್ತು ಇಂಗ್ಲಿಷು. ಹೀಗಾಗಿ ಅಮೃತಸರದಲ್ಲಿ ಅಚ್ಚಾದ ಕಥೆಯನ್ನು ಐವತ್ತು ಕಿಲೋಮೀಟರು ಆಚೆಯ ಲಾಹೋರಿನವನು ಓದಲಾರ. ಆದರೆ ಅದೇ ಕಥೆ ಚಿತ್ರವಾಗಿ ಬಂದರೆ ಉಪಶೀರ್ಷಿಕೆಯ ಹಂಗಿಲ್ಲದೆ ಕೇಳಿ ಅರ್ಥಮಾಡಿಕೊಳ್ಳಬಲ್ಲ. ಕೊಂಕಣಿಯನ್ನು ಕನ್ನಡ, ನಾಗರಿ, ರೋಮನ್ ಲಿಪಿಗಳಲ್ಲಿ ಬರೆಯುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಈ ತೊಡಕು ಹೊಸದಲ್ಲ. ಪುಸ್ತಕ ದಾಟಲಾರದ ಬೇಲಿಯನ್ನು ದನಿ ದಾಟುತ್ತದೆ. ಪಂಜಾಬಿಯಲ್ಲಿ ಕಿರುಚಿತ್ರಕ್ಕೆ ಸಾಹಿತ್ಯದಷ್ಟೇ ಮಹತ್ವವಿರುವುದಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ.

ಗಡಿಯಾಚೆಯಿಂದ ಬಂದ ಎರಡು ಕೃತಿಗಳನ್ನಿಲ್ಲಿ ನೆನೆಯಬೇಕು. ಸಬೀಹಾ ಸುಮರ್ ಅವರ 'ಖಾಮೋಶ್ ಪಾನೀ' 2003ರಲ್ಲಿ ಲೊಕಾರ್ನೊ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಸುವರ್ಣ ಚಿರತೆಯನ್ನು ಪಡೆಯಿತು. ಮುಖ್ಯ ಪಾತ್ರದಲ್ಲಿದ್ದವರು ನಮ್ಮ ದೇಶದ ಕಿರಣ್ ಖೇರ್. 1947ರಲ್ಲಿ ಮಾನ ಉಳಿಸಿಕೊಳ್ಳಲು ಬಾವಿಗೆ ಹಾರುವಂತೆ ಹೆತ್ತವರು ಹೇಳಿದಾಗ ಒಪ್ಪದೆ ಓಡಿಹೋದ ಸಿಖ್ಖರ ಹುಡುಗಿಯೊಬ್ಬಳು ಪಾಕಿಸ್ತಾನದ ಹಳ್ಳಿಯಲ್ಲಿ ಆಯೇಶಾ ಎಂಬ ಹೆಸರಿನಲ್ಲಿ ಬಾಳಿ, ಮೂವತ್ತು ವರ್ಷಗಳ ನಂತರವೂ ಆ ಬಾವಿಯಿಂದ ನೀರು ಸೇದಲು ಹೋಗುವುದಿಲ್ಲ. ಹುಡುಕಿಕೊಂಡು ಬರುವ ಅಣ್ಣನನ್ನು ಅವಳು ಕಾಣುವ ಸನ್ನಿವೇಶವನ್ನು ಕಂಡವರು ಮರೆಯಲಾರರು. ಇನ್ನೊಂದು, ಸಾಯಿಮ್ ಸಾದಿಕ್ ಅವರ 'ಡಾರ್ಲಿಂಗ್' ಎಂಬ ಕಿರುಚಿತ್ರ. ಲಾಹೋರಿನ ನೃತ್ಯ ರಂಗಮಂದಿರವೊಂದರಲ್ಲಿ ಅವಕಾಶಕ್ಕಾಗಿ ಕಾಯುವ ಲಿಂಗಾಂತರಿ ಕಲಾವಿದೆಯ ಕಥೆಯಿದು. 2019ರಲ್ಲಿ ವೆನಿಸ್ ಉತ್ಸವದ ಒರಿಝೊಂಟಿ ವಿಭಾಗದಲ್ಲಿ ಅತ್ಯುತ್ತಮ ಕಿರುಚಿತ್ರವೆನಿಸಿತು. ಆ ಸಣ್ಣ ಚಿತ್ರದ ಲೋಕವೇ ಹಿಗ್ಗಿ 2022ರಲ್ಲಿ 'ಜಾಯ್‌ಲ್ಯಾಂಡ್' ಆಯಿತು. ಮಕ್ಕಳೊಂದಿಗೆ ಪ್ರದರ್ಶನಕ್ಕೆ ಹೋಗುವವರು ಇವುಗಳ ವಸ್ತುವನ್ನು ಮೊದಲೇ ತಿಳಿದುಕೊಳ್ಳುವುದು ಒಳಿತು, ಬಿಟ್ಟುಬಿಡಬೇಕೆಂದು ಹೇಳುತ್ತಿಲ್ಲ.

ಓದಲಾರದವರನ್ನು ಕಿವಿ ಕಾಪಾಡುತ್ತದೆಂಬ ಮಾತು ನಮ್ಮ ಮನೆಗಳಿಗೂ ತಾಗುವಂಥದು. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಅಜ್ಜಿಯ ಕನ್ನಡವನ್ನು ಬಲ್ಲರು, ಉತ್ತರವನ್ನೂ ಕೊಡಬಲ್ಲರು. ಕನ್ನಡ ಪುಸ್ತಕ ಕೈಗಿತ್ತರೆ ಮಾತ್ರ ಅಕ್ಷರ ಹತ್ತದೆ ಕೆಳಗಿಡುತ್ತಾರೆ. ಲಾಹೋರಿನ ಯುವಕನಿಗೂ ಅವನ ಮಾತೃಭಾಷೆಯ ಸಾಹಿತ್ಯಕ್ಕೂ ಇರುವ ಸಂಬಂಧ ಹೆಚ್ಚುಕಡಿಮೆ ಇದೇ. ದಿಲ್ಲಿಯಲ್ಲಿ ಪಂಜಾಬಿಗೆ ಎರಡನೆಯ ಅಧಿಕೃತ ಭಾಷೆಯ ಸ್ಥಾನಮಾನವಿದ್ದರೂ ಅಲ್ಲಿನ ಅನೇಕ ಪಂಜಾಬಿ ಮನೆಗಳಲ್ಲಿ ಮೊಮ್ಮಕ್ಕಳ ಮಾತು ಹಿಂದಿಗೆ ಹೊರಳಿದೆ. ಸರಕಾರಿ ಸ್ಥಾನಮಾನ ಮನೆಯೊಳಗೆ ಬಂದು ಮಾತಾಡಿಸುವುದಿಲ್ಲ. ಆ ಮಕ್ಕಳನ್ನು ಅಕ್ಷರಮಾಲೆಯ ಮುಂದೆ ಕೂರಿಸುವುದು ಕಷ್ಟ. ಇಪ್ಪತ್ತು ನಿಮಿಷದ ಒಂದು ಒಳ್ಳೆಯ ಕಥೆಯ ಮುಂದೆ ಕೂರಿಸುವುದು ಅಷ್ಟು ಕಷ್ಟವಲ್ಲ. ನಮ್ಮ ಸಂಘಗಳ ಕನ್ನಡ ತರಗತಿಗಳನ್ನು ನಡೆಸುವವರು ಇದನ್ನು ಯೋಚಿಸಿ ನೋಡಬಹುದು.

ಕನ್ನಡ ಮತ್ತು ಪಂಜಾಬಿಗಳ ನಡುವೆ ಕೊಡುಕೊಳ್ಳುವಿಕೆಯೇ ಇಲ್ಲವೆಂದೇನೂ ಅಲ್ಲ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಾರ್ನಾಡರು ಕಟ್ಟಿದ 'ನಾಗಮಂಡಲ' ನಾಟಕವನ್ನು ಪಂಜಾಬಿಗೆ ತಂದವರು ಅಲ್ಲಿನ ಬಹು ಪ್ರೀತಿಯ ಕವಿ ಸುರ್ಜೀತ್ ಪಾತರ್. ಇವರು 2024ರ ಮೇ ತಿಂಗಳಲ್ಲಿ ನಿಧನರಾದರು. ಅದೇ ನಾಟಕದ ನಾಗನ ಪ್ರಸಂಗವನ್ನು ದೀಪಾ ಮೆಹ್ತಾ ಅವರು ತಮ್ಮ 'ಹೆವನ್ ಆನ್ ಅರ್ತ್' (2008) ಚಿತ್ರದಲ್ಲಿ ಬಳಸಿಕೊಂಡರು. ಲುಧಿಯಾನಾದಿಂದ ಮದುವೆಯಾಗಿ ಕೆನಡಾದ ಬ್ರಾಂಪ್ಟನ್ನಿಗೆ ಹೋದ ಹೆಣ್ಣುಮಗಳೊಬ್ಬಳು ಅಲ್ಲಿ ಗಂಡನ ಹೊಡೆತ ತಿನ್ನುತ್ತಾಳೆ. ಗಂಡನ ರೂಪದಲ್ಲೇ ಬರುವ ನಾಗ ಅವಳೊಡನೆ ಪ್ರೀತಿಯಿಂದ ಮಾತಾಡುತ್ತದೆ. ಪ್ರೀತಿ ಜಿಂಟಾ ಅವರು ಆ ಪಾತ್ರವನ್ನು ನಿರ್ವಹಿಸಿದ್ದಾರೆ. ನಮ್ಮಲ್ಲಿ ನಾಗಾಭರಣರ 1997ರ ಚಿತ್ರವನ್ನು ಕಂಡವರು ಇದನ್ನು ಜೊತೆಗಿಟ್ಟು ನೋಡಬೇಕು: ಹಿಮ ಬೀಳುವ ಊರಿನ ಇಕ್ಕಟ್ಟಾದ ಮನೆಯಲ್ಲಿಯೂ ಆ ಹಾವು ದಾರಿ ತಪ್ಪದೆ ಬಂದಿದೆ.

ಪಂಜಾಬಿನಲ್ಲಿ ಇಂಥ ಕೃತಿಗಳಿಗೆ ಪ್ರೇಕ್ಷಕರು ಹೇಗೆ ಸಿಕ್ಕರೆಂಬುದೂ ತಿಳಿಯತಕ್ಕದ್ದು. ಸಿಮೆಂಟ್ ತಜ್ಞರಾಗಿ ಭಾಕ್ರಾ ಅಣೆಕಟ್ಟಿನ ಕಾಮಗಾರಿಯಲ್ಲಿದ್ದ ಗುರುಶರಣ್ ಸಿಂಗ್ (1929–2011) ಮುಂದೆ ನಾಟಕವನ್ನೇ ಬದುಕಾಗಿಸಿಕೊಂಡು ಹಳ್ಳಿ ಹಳ್ಳಿಗೆ ತಂಡವನ್ನೊಯ್ದರು. ನಮ್ಮ 'ಸಮುದಾಯ'ದ ಜಾಥಾಗಳನ್ನು ಕಂಡವರಿಗೆ ಆ ಬಗೆ ಪರಿಚಿತ. ಜಲಂಧರದ ದೇಶಭಕ್ತ ಯಾದ್‌ಗಾರ್ ಭವನದಲ್ಲಿ ನವೆಂಬರ್ ಒಂದರ ಸುಮಾರಿಗೆ ಗದರ್ ವೀರರ ನೆನಪಿನ ಮೇಳ ನಡೆಯುತ್ತದೆ. ಅಲ್ಲಿ ನಮ್ಮ ಯಕ್ಷಗಾನದಂತೆ ರಾತ್ರಿಯಿಡೀ ನಾಟಕ. ಅಂದಹಾಗೆ, 1966ರಲ್ಲಿ ಭಾಷೆಯ ಆಧಾರದ ಮೇಲೆ ಇಂದಿನ ಪಂಜಾಬ್ ರಾಜ್ಯ ರೂಪುಗೊಂಡದ್ದೂ ನವೆಂಬರ್ ಒಂದರಂದೇ. ನಮ್ಮ ರಾಜ್ಯೋತ್ಸವದ ದಿನ ಅವರಿಗೂ ರಾಜ್ಯದ ಹುಟ್ಟುಹಬ್ಬ. ನೆರೆಯ ಗುರುದ್ವಾರದ ಸಭಾಗೃಹದವರೊಡನೆ ಸೇರಿ ಆ ವಾರದಲ್ಲೊಂದು ಸಂಜೆ ಎರಡೂ ಭಾಷೆಗಳ ಕಿರುಚಿತ್ರಗಳನ್ನು ತೋರಿಸಿದರೆ ಹೇಗೆ ಎಂಬ ಆಲೋಚನೆ ಇದರಿಂದಲೇ ಹುಟ್ಟಿದ್ದು.

ಅದಕ್ಕೆ ಬೇಕಾದದ್ದು ಹೆಚ್ಚೇನಿಲ್ಲವಾದರೂ ಕೆಲವು ಎಚ್ಚರಿಕೆಗಳಿವೆ. ಯೂಟ್ಯೂಬಿನಲ್ಲಿ ಉಚಿತವಾಗಿ ದೊರೆಯುತ್ತದೆಂಬ ಕಾರಣಕ್ಕೆ ಚಿತ್ರವನ್ನು ಸಭೆಯಲ್ಲಿ ತೋರಿಸಲು ಹಕ್ಕು ಬಂದಂತಾಗುವುದಿಲ್ಲ. ನಿರ್ಮಾಪಕರಿಗೆ ಪತ್ರ ಬರೆದು ಅನುಮತಿ ಪಡೆಯಬೇಕು. ಸಾರ್ವಜನಿಕ ಪ್ರದರ್ಶನವಾದರೆ 1952ರ ಚಲನಚಿತ್ರ ಕಾಯಿದೆಯ ಪ್ರಕಾರ ಪ್ರಮಾಣಪತ್ರದ ಪ್ರಶ್ನೆಯೂ ಏಳುತ್ತದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಉಪಶೀರ್ಷಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಅದೂ ಬೇಗ ಬೇಗ ಮರೆಯಾಗುತ್ತದೆ. ಹಿರಿಯರಿಗಾಗಿ ಪ್ರತಿ ಚಿತ್ರಕ್ಕೂ ಮುನ್ನ ಎರಡು ನಿಮಿಷ ಕನ್ನಡದಲ್ಲಿ ಊರು, ಕಾಲ, ಪಾತ್ರಗಳ ಹೆಸರು ಹೇಳಿದರೆ ಸಾಕು. ಕಥೆಯನ್ನು ಮಾತ್ರ ಹೇಳಬಾರದು. ಒಂದು ಸಂಜೆಗೆ ನಾಲ್ಕಕ್ಕಿಂತ ಹೆಚ್ಚು ಚಿತ್ರಗಳು ಬೇಡ. ಒಂದು ಮುಗಿದ ಕೂಡಲೇ ಇನ್ನೊಂದನ್ನು ಹಚ್ಚದೆ, ದೀಪ ಹಾಕಿ ಐದು ನಿಮಿಷ ಬಿಡಬೇಕು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತ ಪಂಜಾಬಿ ಅಜ್ಜನನ್ನು, ಆಗ ಕೇಳಿಸಿದ ಆ ಮಾತಿನ ಅರ್ಥವೇನೆಂದು ವಿಚಾರಿಸಬಹುದು.